ಆಮೆಯ ಮಣ್ಣಿನ ಮೇಲೆ ಒಂದು ಕೈ

"ಬರೀ ಮರಳು ಹಾಕಿದ್ರೆ ನಿಮ್ಮ ಆಮೆ ಅದನ್ನೇ ತಿಂದು ಹೊಟ್ಟೆ ಕಟ್ಟಿ ಸಾಯುತ್ತೆ, ಮೇಡಂ," ಎಂದ ನರ್ಸರಿಯವನು, ಮೊದಲ ಭೇಟಿಯಲ್ಲೇ.

"ಒಳ್ಳೇ ಮಾತು ಬರೋದೇ ಇಲ್ವಾ ನಿಮ್ಮ ಬಾಯಲ್ಲಿ?"

ನಕ್ಕ. ನಗುವಾಗ ಅವನ ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ. ಹಾಳಾದ್ದು, ಅದನ್ನು ನಾನು ಅಂದೇ ಗಮನಿಸಿಬಿಟ್ಟೆ.

ಆಮೆ ನನ್ನ ಸೋದರತ್ತೆಯದು. ಅವಳು ತೀರಿಕೊಂಡ ಮೇಲೆ ಮನೆಯ ಜೊತೆ ಅದೂ ನನ್ನ ಪಾಲಿಗೆ ಬಂತು. ಹಿತ್ತಲಲ್ಲಿ ಅದಕ್ಕೊಂದು ತೊಟ್ಟಿ ಕಟ್ಟಿಸಿದ್ದೆ; ಒಳಗೆ ತುಂಬುವ ಮಣ್ಣಿನದೇ ತಲೆನೋವು. ನರ್ಸರಿಯವನು ತೋಟದ ಮಣ್ಣಿಗೆ ಒಂದಿಷ್ಟು ಮರಳು, ತೆಂಗಿನ ನಾರಿನ ಪುಡಿ ಬೆರೆಸಿ ನನ್ನ ಅಂಗೈಗೆ ಹಾಕಿ ಬೆರಳು ಮಡಚಿದ.

"ಹಿಂಡಿ. ಉಂಡೆ ಆಗ್ಬೇಕು, ಮುಟ್ಟಿದ್ರೆ ಉದುರಬೇಕು. ಆಗ ಆಮೆ ತೋಡ್ಕೊಂಡು ಮಲಗುತ್ತೆ. ಗೊಬ್ಬರ ಮಾತ್ರ ಬೇಡ."

ಉಂಡೆ ಆಯಿತು. ಅವನು ಮುಟ್ಟಿದ, ಉದುರಿತು. ನಾನೂ ಹೆಚ್ಚುಕಮ್ಮಿ ಹಾಗೇ ಆದೆ.

ಅಂದೇ ಮಣ್ಣು ತುಂಬಿಸಿದೆ. ಮರುದಿನ ಬೆಳಿಗ್ಗೆ ಆಮೆ ಅದರೊಳಗೆ ಹುದುಗಿತ್ತು. ಮೇಲಿನ ಮಣ್ಣು ಯಾರೋ ತಟ್ಟಿದ ಹಾಗೆ ನುಣುಪಾಗಿತ್ತು. ನಡುವೆ ಒಂದು ಅಂಗೈಯ ಗುರುತು. ಹಿತ್ತಲ ಬಾಗಿಲಿಗೆ ನಾನೇ ಅಗುಳಿ ಹಾಕಿದ್ದೆ. ಮೈ ಜುಮ್ಮೆಂದಿತು. ಆಮೇಲೆ ಹೊಳೆಯಿತು, ಕಾಂಪೌಂಡ್ ಗೋಡೆ ಸೊಂಟದೆತ್ತರ, ಅವನ ಗಿಡದ ಗಾಡಿ ಹೋಗುವುದು ಅದೇ ದಾರಿಯಲ್ಲಿ. ಕಳ್ಳ! ಹೆದರಿಕೆ ಹೋಗಿ ನಾಚಿಕೆ ಬಂತು.

ದಿನವೂ ಹೊಸ ಗುರುತು. ವಾರಕ್ಕೊಮ್ಮೆ ಮಣ್ಣು ನೋಡುವ ನೆಪದಲ್ಲಿ ಅವನು ಬರುತ್ತಿದ್ದ. ಗುರುತನ್ನು ನೋಡುತ್ತಿದ್ದ, ನನ್ನನ್ನು ನೋಡುತ್ತಿದ್ದ, ಕಣ್ಣು ಮುಚ್ಚಿ ನಗುತ್ತಿದ್ದ. ಇಬ್ಬರೂ ಬಾಯಿ ಬಿಡಲಿಲ್ಲ.

ಮನೆ ಮಾರು ಎಂದು ಅಣ್ಣ ಫೋನಿನಲ್ಲಿ ಪ್ರಾಣ ತಿನ್ನುತ್ತಿದ್ದ. "ಅಲ್ಲಿ ನಿನಗೆ ಯಾರಿದಾರೆ?"

ಇದ್ದಾನೆ ಎನ್ನಲು ಆ ಕೈಗುರುತು ಬಿಟ್ಟರೆ ನನಗೆ ಬೇರೆ ಆಧಾರವಿರಲಿಲ್ಲ. ಮುಂದಿನ ಸಲ ಅವನು ಬಂದಾಗ ಕೇಳಿಯೇಬಿಟ್ಟೆ.

"ದಿನಾ ಗೋಡೆ ಹಾರಿ ಬಂದು ಯಾಕ್ರೀ ತಟ್ಟಿ ಹೋಗ್ತೀರಿ?"

ಅವನ ನಗು ನಿಂತಿತು. "ನಾನಾ? ನೀವು ನನಗೋಸ್ಕರ ಒತ್ತಿ ಇಡ್ತೀರಿ ಅಂದ್ಕೊಂಡಿದ್ದೆ. ಅದನ್ನ ನೋಡೋಕೇ ಬರ್ತಿದ್ದೆ. ಮಣ್ಣಿಗೇನು ಧಾಡಿ, ಚೆನ್ನಾಗೇ ಇದೆ."

ಇಬ್ಬರೂ ಬಗ್ಗಿ ನೋಡಿದೆವು. ಗುರುತಿನ ಕಿರುಬೆರಳು ಒಳಕ್ಕೆ ಸೊಟ್ಟ. ಇಷ್ಟು ದಿನ ಬೇಕಾದ್ದನ್ನೇ ನೋಡುತ್ತಿದ್ದ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಸೋದರತ್ತೆಯ ಬೆರಳು ಹಾಗೇ ಇತ್ತು. ಚಿಕ್ಕವಳಿದ್ದಾಗ ನನ್ನನ್ನೂ ಆ ಕೈಯಲ್ಲೇ ತಟ್ಟಿ ಮಲಗಿಸುತ್ತಿದ್ದಳು.

"ತೀರಿಹೋದ ನಮ್ಮತ್ತೆ ಕೈ ಇದು," ಎಂದೆ. "ಓಡಿಹೋಗೋದಾದ್ರೆ ಹೋಗಿ."

"ಕಾಲು ನಡುಗ್ತಿದೆ, ಓಡೋದು ಹೇಗೆ?" ಎಂದ. "ನಡುಗದಿದ್ರೂ ಹೋಗ್ತಿರಲಿಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ ಕಣ್ರೀ."

"ನನಗೂ," ಎಂದೆ. ಅಳು ಬಂದುಬಿಟ್ಟಿತು.

ಅವನು ನನ್ನ ಕೈಯನ್ನು ಆ ಗುರುತಿನ ಪಕ್ಕದಲ್ಲಿ ಒತ್ತಿ, ಅದಕ್ಕೆ ತಾಗಿಸಿ ತನ್ನದನ್ನೂ ಒತ್ತಿದ. ನೆರಳಿನ ಮಣ್ಣು, ಆದರೂ ಬೆಚ್ಚಗಿತ್ತು. ಒಳಗೆ ಆಮೆ ಮೆಲ್ಲಗೆ ಮಗ್ಗುಲು ಬದಲಿಸಿತು.

ಮನೆ ಮಾರಲ್ಲ ಎಂದು ಅಣ್ಣನಿಗೆ ಅಂದೇ ಹೇಳಿದೆ. ಮರುದಿನ ಬೆಳಿಗ್ಗೆ ನೋಡಿದರೆ ನಮ್ಮಿಬ್ಬರ ಗುರುತುಗಳು ಹಾಗೇ ಇದ್ದವು. ಸೊಟ್ಟ ಕಿರುಬೆರಳಿನ ಕೈ ಈಗ ಪಕ್ಕದಲ್ಲಿರಲಿಲ್ಲ, ಅವೆರಡರ ಮೇಲಿತ್ತು.