ಹಾಡಿನೊಳಗೆ ನಾನೆಲ್ಲಿ?

“ನನ್ನ ದನಿನ ಜೀವಂತ ಹೂತುಹಾಕಿದೋರು ಯಾರು? ನೀವೇನಾ?”

ಮಿಕ್ಸಿಂಗ್ ಕೋಣೆಯ ದಪ್ಪ ಬಾಗಿಲನ್ನು ಅವಳು ಎಷ್ಟೇ ಜೋರಾಗಿ ದೂಡಿದರೂ ಅದು ಮೆತ್ತಗೆ ಮುಚ್ಚಿಕೊಂಡಿತು. ಒಂದು ಸಲ ದಡಾರ್ ಎನ್ನಬಾರದಿತ್ತೇ! ಅವಳ ಸಿಟ್ಟು ಇನ್ನಷ್ಟು ಏರಿತು.

ಸ್ಪೀಕರ್‌ಗಳ ಮುಂದೆ ಕುಳಿತಿದ್ದವನು ಹೆಡ್‌ಫೋನ್ ತೆಗೆದು ತಿರುಗಿದ. ಆ ದನಿ ಅವನಿಗೆ ಗೊತ್ತಿತ್ತು.

“ನೀವು... ನೀವೇ ಅಲ್ವಾ?”

“ಹೌದು, ನಾನೇ! ಆ ಹಾಡು ಹಾಡಿದ ಪಾಪಿ!”

ಇಬ್ಬರೂ ಮುಖಾಮುಖಿಯಾಗಿದ್ದು ಇದೇ ಮೊದಲು. ಅವಳು ಹಾಡಿದ್ದು ಬೇರೊಂದು ಸ್ಟುಡಿಯೋದಲ್ಲಿ. ಅಲ್ಲಿಂದ ಬಂದ ಅವಳ ದನಿಯನ್ನೂ ವಾದ್ಯಗಳನ್ನೂ ಹದವಾಗಿ ಬೆರೆಸುವುದು ಇವನ ಕೆಲಸ. ಮಾತು ಕಡಿಮೆ ಅಂತ ಎಲ್ಲರೂ ಇವನನ್ನು ಮೌನಿ ಎಂದೇ ಕರೆಯುತ್ತಿದ್ದರು.

ಅವಳು ವರ್ಷಗಟ್ಟಲೆ ಟ್ರ್ಯಾಕ್ ಹಾಡಿದವಳು. ಅಂದರೆ, ದೊಡ್ಡ ಗಾಯಕಿಯರು ಬರುವ ತನಕ ಜಾಗ ತುಂಬಿಸಿದವಳು. ಅವರು ಬಂದು, ಇವಳು ಹಾಡಿದ್ದನ್ನೇ ಕೇಳಿ ಕಲಿತು ಹಾಡುತ್ತಿದ್ದರು. ಆಮೇಲೆ ಇವಳ ದನಿಯನ್ನು ಅಳಿಸುತ್ತಿದ್ದರು. ಕರಿಬೇವಿನ ಪಾಡು! ರುಚಿಗೆ ಬೇಕು, ತಟ್ಟೆಯಿಂದಾಚೆ ಎಸೆಯಲೂ ಬೇಕು. ಕೊನೆಗೂ ಅವಳದೇ ಹೆಸರಿನಲ್ಲಿ ಬರುವ ಮೊದಲ ಹಾಡು ಇದು. ಸಂಜೆಯೊಳಗೆ ಬಿಡುಗಡೆಗೆ ಕಳಿಸಬೇಕಿತ್ತು. ಬೆಳಿಗ್ಗೆ ಮನೆಯಲ್ಲಿ ಕೇಳಿಸಿದರೆ ಅಮ್ಮ, “ವಾದ್ಯ ಚೆನ್ನಾಗಿದೆ ಕಣೇ... ಇದ್ರಲ್ಲಿ ನೀನೆಲ್ಲಿದ್ದೀಯ?” ಅಂದುಬಿಟ್ಟಳು.

ಹೆತ್ತ ತಾಯಿಗೇ ಕೇಳಿಸದ ದನಿ ಇನ್ಯಾರಿಗೆ ಕೇಳಿಸೀತು?

“ಆ ಗಿಟಾರ್ ನುಡಿಸಿದೋರು ನಿಮ್ಮ ಸ್ನೇಹಿತರಂತೆ. ಅವರನ್ನ ಮೆರೆಸೋಕೆ ನನ್ನ ತುಳಿದ್ರಾ?”

ಮೌನಿಯ ಮುಖ ಕೆಂಪಾಯಿತು. “ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ನಿಮ್ಮ ದನಿ ಎಲ್ಲದಕ್ಕಿಂತ ಮುಂದಿದೆ. ಒಂದೊಂದು ಅಕ್ಷರಾನೂ ಕೇಳ್ಸುತ್ತೆ!”

“ಕೇಳ್ಸುತ್ತಾ? ಕಿವಿ ಅಂತ ಇರೋದು ಹೆಡ್‌ಫೋನ್ ನೇತುಹಾಕೋಕಾ?”

“ಕೇಳ್ಸುತ್ತೆ ಅಂದ್ರೆ ಕೇಳ್ಸುತ್ತೆ!”

ಹಿಡಿದ ಮೊಲಕ್ಕೆ ಮೂರೇ ಕಾಲು! ಇಂಥವನ ಕೈಗಾ ತನ್ನ ಹಾಡು ಸಿಕ್ಕಬೇಕಿತ್ತು? ಅವಳಿಗೆ ಅಳು ಒತ್ತಿ ಬಂತು. ಇವನೆದುರು ಅಳಬಾರದೆಂದು ಹಲ್ಲು ಕಚ್ಚಿ ನಿಂತಳು.

ಗಾಜಿನ ಕಿಟಕಿಯಾಚೆಯಿಂದ ಇದನ್ನೆಲ್ಲ ನೋಡಿದ ಅವನ ದೊಡ್ಡಪ್ಪ ಒಳಗೆ ಬಂದರು. ಮಿಕ್ಸ್ ಆದ ಹಾಡಿಗೆ ಕೊನೆಯ ಮೆರುಗು ಕೊಡುವ ಮಾಸ್ಟರಿಂಗ್ ಕೆಲಸ ಅವರದು.

“ಚೆನ್ನಾಗಿ ಬೈಯಮ್ಮ. ದನಿ ಕಮ್ಮಿ ಇದೆ ಅಂತ ಎರಡು ಸಲ ವಾಪಸ್ ಕಳಿಸ್ದೆ. ನಾನು ಮೆರುಗು ಕೊಡ್ಬೋದು, ಹೂತಿದ್ದನ್ನ ಎತ್ತೋಕಾಗುತ್ತಾ? ಕೇಳ್ಬೇಕಲ್ಲ ಈ ಭೂಪ!”

“ದೊಡ್ಡಪ್ಪ, ನಿಮಗೆ ವಯಸ್ಸಾಗಿದೆ...”

“ಆಯ್ತಪ್ಪ, ನನಗೆ ವಯಸ್ಸು, ಇವಳಿಗೆ ಸಿಟ್ಟು. ನೀನೇ ಕಣ್ಮುಚ್ಚಿ ಕೇಳು.”

ಹಾಡು ಶುರುವಾಯಿತು. ಮೌನಿ ಕಣ್ಣು ಮುಚ್ಚಿದ. ಪಲ್ಲವಿ ಬರುವ ಹೊತ್ತಿಗೆ ದೊಡ್ಡಪ್ಪ ಸದ್ದಿಲ್ಲದೆ ಕೈ ಚಾಚಿ, ಅವಳ ದನಿಯನ್ನು ಏರಿಳಿಸುವ ಫೇಡರ್ ಗುಂಡಿಯನ್ನು ಪೂರ್ತಿ ಕೆಳಕ್ಕೆ ಎಳೆದುಬಿಟ್ಟರು! ಈಗ ಸ್ಪೀಕರಿನಲ್ಲಿ ಬರೀ ವಾದ್ಯ.

ಮೌನಿಯ ತುಟಿಗಳು ಮಾತ್ರ ಹಾಡಿನ ಜೊತೆ ಅಲುಗುತ್ತಿದ್ದವು.

“ಇಗೋ... ಇಲ್ಲಿ ಉಸಿರು ಎಷ್ಟು ಹಗುರವಾಗಿ ಬಿಟ್ಟಿದ್ದೀರಿ. ಇಷ್ಟು ಸ್ಪಷ್ಟವಾಗಿದೆ. ಕೇಳ್ಸಲ್ವಾ?”

ಅವನು ಕಣ್ಣು ಬಿಟ್ಟು ದೊಡ್ಡಪ್ಪನ ಬೆರಳನ್ನು ನೋಡಿದ. ಮುಖ ಬಿಳಿಚಿಕೊಂಡಿತು.

“ಒಂದೇ ದನಿನ ಅತಿಯಾಗಿ ಕೇಳಿದ್ರೆ, ಅದು ಕಮ್ಮಿ ಇದ್ರೂ ಕಿವಿ ತಾನೇ ತುಂಬಿಸ್ಕೊಳ್ಳುತ್ತೆ. ಅದು ಈ ಕೆಲಸದ ರೋಗ,” ಎಂದರು ದೊಡ್ಡಪ್ಪ. “ಪೂರ್ತಿ ಬಂದ್ ಮಾಡಿದ್ರೂ ಕೇಳ್ಸೋದು ಬೇರೆ ರೋಗ. ಅದಕ್ಕೆ ನನ್ನ ಹತ್ರ ಮದ್ದಿಲ್ಲಪ್ಪ.” ನಗುತ್ತಾ ಹೊರಟುಹೋದರು.

ಅವಳ ಸಿಟ್ಟು ಎಲ್ಲೂ ಹೋಗಿರಲಿಲ್ಲ. ಆದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳುವುದೋ ತಿಳಿಯಲಿಲ್ಲ. ಇದ್ದ ದನಿಯನ್ನು ಅಳಿಸಿದವರನ್ನೇ ಅವಳು ಇಷ್ಟು ವರ್ಷ ನೋಡಿದ್ದು. ಇಲ್ಲದ ದನಿಯನ್ನು ಕೇಳುವವನನ್ನು ನೋಡಿದ್ದು ಇವತ್ತೇ.

“ಅಷ್ಟೊಂದು... ಕೇಳಿದ್ದೀರಾ?”

“ಹಾಡು ಮಾತ್ರ ಅಲ್ಲ. ಮಧ್ಯೆ ತಪ್ಪಿದಾಗ ‘ಲೇ ಕತ್ತೆ, ನೆಟ್ಟಗೆ ಹಾಡೇ’ ಅಂತ ನಿಮ್ಮನ್ನ ನೀವೇ ಬೈಕೊಳ್ತೀರಲ್ಲ... ಅದನ್ನ ಕತ್ತರಿಸಿ ಹಾಕ್ಬೇಕಿತ್ತು. ಮನಸ್ಸೇ ಬರ್ಲಿಲ್ಲ.”

“ಅಯ್ಯೋ! ಅದನ್ನೂ ಕೇಳಿದ್ರಾ? ನಾಚಿಕೆ ಆಗಲ್ವಾ ನಿಮಗೆ?”

“ಆಗುತ್ತೆ.” ಅವನು ತಲೆ ತಗ್ಗಿಸಿದ. “ಮುಖಾನೂ ನೋಡದ ಹುಡುಗಿನ ಇಷ್ಟಪಟ್ಟೆ. ಅವಳ ಹಾಡನ್ನೇ ಕೆಡಿಸಿದೆ. ಕ್ಷಮಿಸಿ... ಬೇರೆಯವರ ಕೈಲಿ ಮಾಡಿಸಿ. ನನ್ನ ಕಿವಿನ ಇನ್ನು ನಂಬೋ ಹಾಗಿಲ್ಲ.”

ಅವನು ಎದ್ದ. ಅವಳಿಗೆ ಮತ್ತೆ ಮೈಯೆಲ್ಲ ಉರಿಯಿತು.

“ಕೂತ್ಕೊಳ್ರೀ! ಕೆಡಿಸಿದೋರೇ ಸರಿ ಮಾಡ್ಬೇಕು. ನಿಮ್ಮೊಬ್ಬರಿಗೆ ಕೇಳ್ಸಿದ್ರೆ ಸಾಕಾ? ನಾನು ಊರಿಗೆಲ್ಲ ಕೇಳಿಸ್ಬೇಕು!”

ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು. ಅವನು ಅವಳ ದನಿಯನ್ನು ಮೆಲ್ಲಗೆ ಏರಿಸಿದ.

“ಸಾಕಾ?”

“ಇನ್ನೂ.”

“ಈಗ?”

“ಇನ್ನೂ ಸ್ವಲ್ಪ... ಹಾಂ!”

ಕೋಣೆ ತುಂಬ ಅವಳ ದನಿ. ಯಾರಿಗೋ ಜಾಗ ಬಿಟ್ಟುಕೊಡಲು ಹಾಡಿದ್ದಲ್ಲ, ತನಗಾಗಿ ಹಾಡಿದ್ದು. ಇಷ್ಟು ಹೊತ್ತು ತಡೆದಿದ್ದ ಕಣ್ಣೀರು ಈಗ ಹರಿಯಿತು. ಅವನು ಕರವಸ್ತ್ರ ಚಾಚಿದ.

“ಮುಂದಿನ ಹಾಡಿಗೂ ನಿಮ್ಮ ಕಿವಿ ಹೀಗೇ ಕೈ ಕೊಟ್ರೆ?”

“ಕೊಟ್ಟೇ ಕೊಡುತ್ತೆ,” ಎಂದ ಮೌನಿ. “ಇವತ್ತು ಮುಖಾನೂ ನೋಡಿದ್ನಲ್ಲ.”

“ಹಾಗಾದ್ರೆ ದಿನಾ ಪಕ್ಕದಲ್ಲೇ ಕೂತಿರ್ತೀನಿ. ತಪ್ಪಿದ್ರೆ ಬೈತೀನಿ.”

“ಬರೀ ಹಾಡಿಗೆ ಮಾತ್ರಾನಾ?”

ಅವಳು ಅವನ ಕಡೆ ತಿರುಗದೆಯೇ, ಬಾರದ ಸಿಟ್ಟನ್ನು ಎಳೆದು ತಂದುಕೊಂಡು ಹೇಳಿದಳು:

“ಎಲ್ಲದಕ್ಕೂ! ಮೊದಲು ಕೆಲಸ ನೋಡ್ರೀ.”