ಬೆಲೆ ಗೊತ್ತಾದ ದಿನ ಬರದೇ ಹೋದ ಫೋನು

"ಬೆಲೆನೇ ಏಳ್ದೆ ಬುಕಿಂಗ್ ದುಡ್ಡು ಕಟ್ಟಿಸ್ಕೊತೀರಲ್ಲ, ಇದ್ಯಾವ ನ್ಯಾಯ ಸಾರ್?"

ಬಂಗಾರಪೇಟೆಯ ಆ ಶೋರೂಮಿನಲ್ಲಿದ್ದ ಇಪ್ಪತ್ತು ಮೂವತ್ತು ಜನ ಒಮ್ಮೆಲೇ ತಿರುಗಿ ನೋಡಿದರು.

ಕೇಳಿದವಳು ಇಂದ್ರಾಣಿ. ಬೇತಮಂಗಲದ ಹುಡುಗಿ. ಕೈಯಲ್ಲಿ ವ್ಯಾನಿನ ಕೀ, ಕಣ್ಣಲ್ಲಿ ಕೋಪ.

ಮೇಜಿನ ಆಚೆ ನಿಂತಿದ್ದವನು ಚಲಪತಿ. ಊರಿಗಾಂನವನು, ಸೇಲ್ಸ್ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅವನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ.

"ನಿಜ ಏಳ್ಲಾ ಮೇಡಂ?"

"ಮತ್ತೆ ಸುಳ್ಳು ಕೇಳೋಕಾ ಇಷ್ಟು ದೂರ ಬಂದಿರೋದು?"

"ಈ ಸಾರಿಕ ಅನ್ನೋ ಎಲೆಕ್ಟ್ರಿಕ್ ಕಾರಿನ ಬೆಲೆ ಎಷ್ಟು ಅಂತ ನಂಗೂ ಗೊತ್ತಿಲ್ಲ. ಯಾವತ್ತು ಕೈಗೆ ಸಿಗ್ತದೆ ಅಂತಾನೂ ಗೊತ್ತಿಲ್ಲ. ಕಂಪ್ನಿಯೋರು ಏಳಿಲ್ಲ."

ಪಕ್ಕದ ಮೇಜಿನವನು ಎಲ್ಲರಿಗೂ 'ಒಂಬತ್ತು ಲಕ್ಷದೊಳಗೆ ಸಾರ್, ಏಪ್ರಿಲ್‌ಗೆ ಗ್ಯಾರಂಟಿ' ಎನ್ನುತ್ತಿದ್ದ. ಇವನೊಬ್ಬ ಗೊತ್ತಿಲ್ಲ ಅನ್ನುತ್ತಿದ್ದಾನೆ!

ಯಾಕೋ... ಅವಳ ಕೋಪ ಇಳಿಯಿತು.

"ಗೊತ್ತಾದ ದಿನ?"

"ಮೊದಲ ಫೋನು ನಿಮ್ಗೇ."

ಅವಳು ಹಣ ಕಟ್ಟಿದಳು. ರಸೀದಿಯಲ್ಲಿ ಹದಿನಾಲ್ಕನೇ ನಂಬರು. ಮೊದಲ ಕಂತಿನಲ್ಲಿ ಈ ಶೋರೂಮಿಗೆ ಇಪ್ಪತ್ತು ಕಾರು ಬರುತ್ತವೆ ಎಂದಿದ್ದರು.

ಇಂದ್ರಾಣಿಗೆ ಈ ಕಾರು ಷೋಕಿಯಲ್ಲ. ಅಪ್ಪ ಕದಿರಪ್ಪನಿಗೆ ಕಣ್ಣು ಮಂಜಾದ ಮೇಲೆ ಅವರ ಹಳೆಯ ವ್ಯಾನನ್ನು ಅವಳೇ ಓಡಿಸುತ್ತಿದ್ದಳು. ದಿನಾ ಬೆಳಿಗ್ಗೆ ರೈಲಿನಲ್ಲಿ ಬಂಗಾರಪೇಟೆಗೆ ಬಂದಿಳಿಯುವ ನಾಲ್ವರು ಟೀಚರ್‌ಗಳನ್ನು ಊರಿಗಾಂನ ನರ್ಸಿಂಗ್ ಕಾಲೇಜಿಗೆ ಮುಟ್ಟಿಸಬೇಕು, ಸಂಜೆ ವಾಪಸ್ ತಂದು ರೈಲು ಹತ್ತಿಸಬೇಕು. ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಈಗ ಕಾಲೇಜಿನವರು ಹೇಳಿಬಿಟ್ಟಿದ್ದರು: ಜುಲೈ ಒಂದರಿಂದ ಎಲೆಕ್ಟ್ರಿಕ್ ಗಾಡಿ ಇದ್ದವರಿಗೆ ಮಾತ್ರ ಕೆಲಸ.

ಬ್ಯಾಂಕಿನವರು ಒಪ್ಪಿದ್ದು ಹತ್ತೂವರೆ ಲಕ್ಷಕ್ಕೆ. ಅದರ ಮೇಲೆ ಒಂದು ರೂಪಾಯಿ ಹೆಚ್ಚಾದರೂ ಕಾರಿಲ್ಲ. ಒಂದು ವಾರ ತಡವಾದರೂ ಕೆಲಸವಿಲ್ಲ.

ಮರುದಿನ ಸಂಜೆ ಆರೂವರೆಗೆ ಫೋನ್ ಬಂತು.

"ಇಂದ್ರಾಣಿ ಅವ್ರೆ, ಚಲಪತಿ. ಇವತ್ತೂ ಏನೂ ಸುದ್ದಿ ಇಲ್ಲ."

"ಅದನ್ನ ಏಳೋಕೆ ಫೋನ್ ಮಾಡಿದ್ರಾ?"

"ಕಾಯ್ತಾ ಇರ್ತೀರಲ್ಲ ಅಂತ..."

ಮರುದಿನವೂ ಬಂತು. ಅದರ ಮರುದಿನವೂ. ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು. ಕಂಪನಿ ಮೇ ಅಂದಿತು, ಆಮೇಲೆ ಜೂನ್ ಅಂದಿತು. ಒಬ್ಬರು ಎಂಟು ಲಕ್ಷ ಅಂದರೆ ಇನ್ನೊಬ್ಬರು ಹದಿಮೂರು ಅಂದರು. ಒಂದೊಂದು ಮಾತಿಗೂ ಇಂದ್ರಾಣಿ ಬ್ಯಾಂಕಿನ ಕಾಗದ ತೆಗೆದು ಲೆಕ್ಕ ಹಾಕುತ್ತಿದ್ದಳು. ಅಪ್ಪ ಮಾತ್ರ ಆಗಲೇ ಕೊಟ್ಟಿಗೆಯ ಪಕ್ಕ ಚಾರ್ಜಿಂಗ್‌ಗೆಂದು ವೈರು ಎಳೆಸಿ, ದಿನಕ್ಕೆರಡು ಸಲ ಆ ಸ್ವಿಚ್ಚನ್ನು ಸವರಿ ನೋಡುತ್ತಿದ್ದರು.

ಕಾರಿನ ಸುದ್ದಿ ಅರ್ಧ ನಿಮಿಷಕ್ಕೆ ಮುಗಿಯುತ್ತಿತ್ತು. ಫೋನು ಮಾತ್ರ ಅರ್ಧ ಗಂಟೆ ನಡೆಯುತ್ತಿತ್ತು! ಅವನ ಅಮ್ಮ ಮುನಿಗಂಗಮ್ಮನ ಮಂಡಿನೋವು, ಇವಳ ಮನೆಯ ಸೀಮೆಹಸುವಿನ ಮೊಂಡಾಟ, ಸ್ಟೇಷನ್ ಮುಂದಿನ ಇಡ್ಲಿ... ಏನೇನೋ ಮಾತು.

ಆರೂವರೆ ಹತ್ತಿರವಾದರೆ ಕೈ ತಾನಾಗಿ ಫೋನಿನತ್ತ ಹೋಗುತ್ತಿತ್ತು. 'ನಾನು ಕಾಯ್ತಿರೋದು ಕಾರಿಗಾ... ಇವನಿಗಾ?' ಎಂದು ತನ್ನನ್ನೇ ಕೇಳಿಕೊಂಡು ನಾಚಿದಳು.

ಜೂನ್ ಹತ್ತು. ಕಂಪನಿ ಬೆಲೆ ಹೇಳುವ ದಿನ.

ಬೆಳಿಗ್ಗೆ ಹತ್ತೂವರೆಗೆ ಕಾಲೇಜಿನ ಗೇಟಿನೆದುರು ವ್ಯಾನಿನಲ್ಲೇ ಕೂತು ಫೋನಿನಲ್ಲಿ ಕಂಪನಿಯ ನೇರಪ್ರಸಾರದ ವಿಡಿಯೊ ಹಾಕಿದಳು. ದಿನಾ ವ್ಯಾನಿನಲ್ಲಿ ಬರುವ ಸುಮಲತ ಟೀಚರ್ ಕ್ಲಾಸಿಗೂ ಹೋಗದೆ ಪಕ್ಕದಲ್ಲಿ ಕೂತಿದ್ದರು. ಬೆಲೆ ತೆರೆಯ ಮೇಲೆ ಬಂತು. ಹನ್ನೊಂದು ಲಕ್ಷದ ಎಂಬತ್ತು ಸಾವಿರ.

ಇಂದ್ರಾಣಿ ವಿಡಿಯೊ ನಿಲ್ಲಿಸಲು ಹೋದಳು.

"ಇರೇ, ಇನ್ನೂ ಏನೋ ಹೇಳ್ತಿದಾರೆ!" ಸುಮಲತ ಅವಳ ಕೈ ಹಿಡಿದರು. ಮೊದಲ ಕಂತಿನಲ್ಲಿ ಬುಕ್ ಮಾಡಿದವರಿಗೆ ಹತ್ತು ಲಕ್ಷದ ನಲವತ್ತು ಸಾವಿರ. ಜೂನ್ ಮುಗಿಯುವುದರೊಳಗೆ ಕೈಗೆ ಕಾರು.

"ನಂದು ಹದಿನಾಲ್ಕು ಮೇಡಂ! ಹದಿನಾಲ್ಕು!" ಇಂದ್ರಾಣಿ ಅತ್ತೇಬಿಟ್ಟಳು.

ಈಗ ಅವನ ಫೋನು ಬರುತ್ತದೆ...

ಹನ್ನೊಂದಾಯಿತು. ಹನ್ನೆರಡಾಯಿತು. ಬರಲಿಲ್ಲ. ತಾನೇ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಸ್ವಿಚ್ ಆಫ್!

ವ್ಯಾನು ತಿರುಗಿಸಿ ನೇರ ಶೋರೂಮಿಗೆ ಹೋದಳು. ಚಲಪತಿ ಇರಲಿಲ್ಲ. ಮ್ಯಾನೇಜರ್ ಪಟ್ಟಿಯನ್ನು ಅವಳತ್ತ ತಳ್ಳಿದ.

"ಮೊದಲ ಕಂತಲ್ಲಿ ನಿಮ್ಮ ಹೆಸರಿಲ್ಲಮ್ಮ. ಇಪ್ಪತ್ತೊಂದನೇ ನಂಬರು. ಆಗಸ್ಟ್‌ಗೆ ಬನ್ನಿ. ಬೆಲೆ ಹನ್ನೊಂದು ಎಂಬತ್ತು."

"ರಸೀದೀಲಿ ಹದಿನಾಲ್ಕು ಅಂತ ಐತಲ್ಲ ಸಾರ್!"

"ನನ್ನನ್ನ ಯಾಕೆ ಕೇಳ್ತೀರ? ಪಟ್ಟಿಗೆ ಸೈನ್ ಮಾಡಿರೋನು ಚಲಪತಿ."

ಹದಿನಾಲ್ಕರ ಎದುರು ಯಾರೋ ಕ್ವಾರಿ ಮಾಲೀಕರ ಹೆಸರು. ಹಾಳೆಯ ಕೆಳಗೆ ಚಲಪತಿಯ ಸಹಿ. ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋದವು.

'ನೂರು ದಿನ ನಯವಾಗಿ ಮಾತಾಡಿದ್ದು ಇದಕ್ಕಾ? ನನ್ನ ಬಾಯಿ ಮುಚ್ಚಿಸೋಕಾ?'

ಆ ಸಂಜೆ ಆರೂವರೆಗೆ ಫೋನು ಬರಲಿಲ್ಲ. ಮರುದಿನವೂ ಇಲ್ಲ.

ಮೂರನೇ ದಿನ ಸಂಜೆ ಇಂದ್ರಾಣಿ ಬೇತಮಂಗಲದ ಕೆರೆ ಏರಿಯ ಕೆಳಗೆ ವ್ಯಾನು ತೊಳೆಯುತ್ತಿದ್ದಳು. ಬಸ್ಸಿಳಿದು ಯಾರೋ ನಡೆದು ಬಂದರು. ಮುದುಡಿದ ಅಂಗಿ, ಕೆಂಪು ಕಣ್ಣು. ಚಲಪತಿ!

"ಯಾಕ್ ಬಂದ್ರಿ? ಇನ್ನೂ ಏನಾದ್ರೂ ಸೈನ್ ಮಾಡೋದು ಬಾಕಿ ಐತಾ?"

"ಮಾಡಿದ್ದು ನಾನೇ ಇಂದ್ರಾಣಿ. ಇಲ್ಲ ಅನ್ನಲ್ಲ." ಅವನು ಒಂದು ಹೆಜ್ಜೆ ಹಿಂದೆಯೇ ನಿಂತ. "ಅವತ್ತು ಬೆಳಿಗ್ಗೆ ಮ್ಯಾನೇಜರು ಆ ಕ್ವಾರಿಯೋರ್ನ ನಿಮ್ ಜಾಗಕ್ಕೆ ಸೇರ್ಸಿರೋ ಪಟ್ಟಿ ಮುಂದಿಟ್ಟು ಸೈನ್ ಆಕು, ಇಲ್ಲ ಅಂದ್ರೆ ಕೆಲ್ಸ ಬಿಡು ಅಂದ್ರು. ಅಮ್ಮನ ಮಂಡಿ ಆಪರೇಷನ್ ಗ್ಯಾಪಕ ಬಂತು. ಎದ್ರಿಕೊಂಡು ಸೈನ್ ಆಕ್ಬಿಟ್ಟೆ. ನಿಮ್ ಫೋನ್ ಬಂದಾಗ ಸುಳ್ಳು ಏಳೋಕೂ ಆಗಲಿಲ್ಲ, ನಿಜ ಏಳೋಕೂ ಆಗಲಿಲ್ಲ. ಆಫ್ ಮಾಡ್ದೆ."

ಅವಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅವತ್ತೇ ಮಧ್ಯಾಹ್ನ ಕೆಲ್ಸ ಬಿಟ್ಟೆ. ಬೆಂಗಳೂರಲ್ಲಿ ಕಂಪ್ನಿ ಆಫೀಸ್ ಮುಂದೆ ಎರಡು ದಿನ ಕೂತ್ಕೊಂಡೆ. ನೀವು ಬುಕ್ ಮಾಡಿದ ದಿನ, ಗಂಟೆ, ಎಲ್ಲಾ ತೋರಿಸ್ದೆ. ಪಟ್ಟಿ ತಿದ್ದಿಸ್ತೀವಿ ಅಂದವ್ರೆ. ಆದ್ರೆ ಬರೆದು ಕೊಟ್ಟಿಲ್ಲ."

"ಕಾರು ಓದ್ರೆ ಓಗ್ಲಿ!" ಇಂದ್ರಾಣಿ ಕೂಗಿದಳು. "ವ್ಯಾನು ಮಾರಿ ಕೂಲಿಗೆ ಓಗ್ತಿದ್ದೆ. ನೀವು ಫೋನ್ ಎತ್ಬೇಕಿತ್ತು! 'ಇಂಗೆ ತಪ್ಪಾಯ್ತು' ಅಂತ ಒಂದು ಮಾತು ಏಳ್ಬೇಕಿತ್ತು! ಮೂರು ದಿನ ನಾನು ಎಂಗಿದ್ದೆ ಗೊತ್ತಾ ನಿಮ್ಗೆ?"

ಅವನು ತಲೆ ತಗ್ಗಿಸಿದ.

"ನಲವತ್ತು ಜನ ಬುಕ್ ಮಾಡವ್ರೆ ಇಂದ್ರಾಣಿ. ದಿನಾ ಫೋನ್ ಮಾಡ್ತಿದ್ದದ್ದು ನಿಮ್ಗೊಬ್ರಿಗೇ. ಅದು ಕಾರಿಗಲ್ಲ. ನಿಮ್ ಮಾತು ಕೇಳ್ದೆ ನಂಗೆ ದಿನ ಮುಗೀತಿರಲಿಲ್ಲ... ಅಷ್ಟು ಏಳೋಕೆ ಬಂದೆ."

ಆ ಮಾತಿಗೇ ಅವಳು ಇಷ್ಟು ದಿನ ಕಾದಿದ್ದದ್ದು. ಆದರೆ ಮನಸ್ಸು ಇನ್ನೂ ಉರಿಯುತ್ತಿತ್ತು.

"ಓಗಿ. ಫೋನ್ ಮಾಡ್ಬೇಡಿ."

ಚಲಪತಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ತಿರುಗಿ ನೋಡಲಿಲ್ಲ.

ಮನೆಯಲ್ಲಿ ಅವಳು ಅಪ್ಪನ ಮುಂದೆ ಎಲ್ಲವನ್ನೂ ಹೇಳಿಕೊಂಡು ಅತ್ತಳು. ಕದಿರಪ್ಪ ಪೂರ್ತಿ ಕೇಳಿಸಿಕೊಂಡರು.

"ತಪ್ಪು ಮಾಡ್ದೋನು ತಾನಾಗಿ ಬಂದು ಒಪ್ಕಂಡ್ನೇನಮ್ಮ?"

"ಊ."

"ಕೆಲ್ಸಾನೂ ಬಿಟ್ನಾ?"

"ಊ..."

ಅಪ್ಪ ಎದ್ದು ಚಾರ್ಜಿಂಗ್ ಸ್ವಿಚ್ಚಿನ ಕಡೆ ನಡೆದರು. ತಾನೇ ಹೇಳಿದ ಆ 'ಊ' ಮಾತ್ರ ಅವಳ ಕಿವಿಯಲ್ಲೇ ಉಳಿಯಿತು.

ಇಂದ್ರಾಣಿ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಮೂವತ್ತರ ಸಂಜೆವರೆಗೂ ನೋಡ್ತೀನಿ, ಆಮೇಲೆ ಬೇರೆಯವರಿಗೆ ಕೊಡಬೇಕಾಗುತ್ತೆ" ಎಂದರು ಅವರು.

ಇಪ್ಪತ್ತು. ಇಪ್ಪತ್ತೈದು. ಇಪ್ಪತ್ತಾರು. ಕಂಪನಿಯಿಂದ ಸುದ್ದಿಯಿಲ್ಲ. ಆರೂವರೆಯಾದರೆ ಫೋನು ನೋಡುವುದು, ತಾನೇ ಬೇಡ ಅಂದದ್ದು ನೆನಪಾಗಿ ಮಗ್ಗುಲಿಗೆ ಇಡುವುದು... ಚಲಪತಿ ಮಾತು ಮೀರಲಿಲ್ಲ. ಒಂದು ದಿನವಾದರೂ ಮೀರಬಾರದಿತ್ತೇ!

ಇಪ್ಪತ್ತೆಂಟರ ಮಧ್ಯಾಹ್ನ ಕಂಪನಿಯ ಮೆಸೇಜು ಬಂತು. ಬುಕಿಂಗ್ ನಂಬರ್ ಹದಿನಾಲ್ಕು. ಬೆಲೆ ಹತ್ತು ಲಕ್ಷದ ನಲವತ್ತು ಸಾವಿರ. ಮೂವತ್ತಕ್ಕೆ ಬಂದು ಕಾರು ತೆಗೆದುಕೊಳ್ಳಿ.

ಮೊದಲು ಯಾರಿಗೆ ಹೇಳಬೇಕು ಅಂತ ಅವಳು ಯೋಚಿಸಲೇ ಇಲ್ಲ. ಬೆರಳು ಆಗಲೇ ಅವನ ಹೆಸರು ಒತ್ತಿತ್ತು.

ಮೊದಲ ರಿಂಗಿಗೇ ಎತ್ತಿದ. "ಇಂದ್ರಾಣಿ...?"

ಅವಳು ಮೆಸೇಜನ್ನು ಇನ್ನೊಮ್ಮೆ ನೋಡಿದಳು. ಆ ಕಡೆ ಅವನ ಉಸಿರು ಕೇಳುತ್ತಿತ್ತು.

"ನಾಡಿದ್ದು... ಮೂವತ್ತಕ್ಕೆ... ಶೋರೂಮ್ ಅತ್ರ ಬನ್ನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಮೂವತ್ತರಂದು ಬಿಳಿ ಕಾರು ಶೋರೂಮಿನಿಂದ ಸದ್ದಿಲ್ಲದೆ ಹೊರಬಂತು. ಹಸಿರು ಪ್ಲೇಟಿನ ಮೇಲೆ ಹಳದಿ ನಂಬರು. ಸ್ಟೇರಿಂಗ್ ಹಿಡಿದಿದ್ದವಳು ಇಂದ್ರಾಣಿ. ಕಾಲೇಜಿಗೆ ಫೋನ್ ಮಾಡಿ ಆಗಿತ್ತು. 'ನಾಳೆಯಿಂದ ಬನ್ನಿ' ಎಂದಿದ್ದರು. ಆದರೂ ಅವಳ ಕಣ್ಣು ರಸ್ತೆಯುದ್ದಕ್ಕೂ ಹುಡುಕುತ್ತಿತ್ತು. ಅವನು ಬಂದಿದ್ದಾನಾ...?

ರಸ್ತೆಯ ಆಚೆ, ಬೇವಿನ ಮರದ ನೆರಳಲ್ಲಿ ನಿಂತಿದ್ದ. ಒಳಗೆ ಕಾಲಿಡಲು ಅವನಿಗೆ ಮುಖವಿರಲಿಲ್ಲ.

ಅವಳು ಕಾರನ್ನು ಅವನ ಮುಂದೆಯೇ ನಿಲ್ಲಿಸಿ ಗಾಜು ಇಳಿಸಿದಳು.

"ಕೂತ್ಕಳಿ."

"ಎಲ್ಲಿಗೆ?"

"ಬೇತಮಂಗಲಕ್ಕೆ. ಅಪ್ಪಂಗೆ ಏಳಿದೀನಿ... ಒಬ್ರನ್ನ ಕರ್ಕೊಂಡ್ ಬತ್ತೀನಿ ಅಂತ."

ಚಲಪತಿ ಬಾಗಿಲ ಮೇಲೆ ಕೈಯಿಟ್ಟು ನಿಂತ. ಕಣ್ಣು ತುಂಬಿತ್ತು. "ಈಗ ನಂಗೆ ಕೆಲ್ಸ ಇಲ್ಲ ಇಂದ್ರಾಣಿ. ಅವ್ರು ಕೇಳಿದ್ರೆ ಏನಂತ ಏಳ್ಲಿ?"

"ನಾನ್ ಏಳ್ತೀನಿ."

"ಏನಂತ?"

ಅವಳು ಅವನ ಕಡೆ ನೋಡಲಾರದೆ ರಸ್ತೆ ನೋಡಿದಳು. ಕೆನ್ನೆ ಕೆಂಪಾಗಿತ್ತು.

"ಕೆಲ್ಸ ಉಡುಕ್ಕೊತಾರೆ... ನಂಗೆ ಬೇರೆ ಗಂಡು ಉಡುಕ್ಬೇಡಿ ಅಂತ!"