ಕತ್ತರಿಗೆ ಸಿಕ್ಕವನು

"ನಿಮ್ಮ ದೃಶ್ಯವಾ?" ಅವಳು ಕುರ್ಚಿ ತಿರುಗಿಸಿ ಪಕಪಕನೆ ನಕ್ಕಳು. "ಯಾವತ್ತಾದ್ರೂ ಗೋಲು ಹೊಡೆದಿದೀರಾ?"

ಬಾಗಿಲಲ್ಲಿ ನಿಂತಿದ್ದವನು ಫುಟ್‌ಬಾಲ್ ಕ್ಲಬ್ಬಿನ ಹಳೆಯ ಡಿಫೆಂಡರ್. ಎದುರಾಳಿಯನ್ನು ತಡೆಯುವುದಷ್ಟೇ ಕೆಲಸ. ಎಲ್ಲರ ಬಾಯಲ್ಲೂ ಅವನು 'ಕಂಬ'. ಅವಳೋ, ಪ್ರತಿ ಪಂದ್ಯದ ರೋಚಕ ಕ್ಷಣಗಳನ್ನು ಜೋಡಿಸುವ ವಿಡಿಯೊ ಎಡಿಟರ್. ಕಂಬಕ್ಕೆಂಥ ರೋಚಕ ಕ್ಷಣ!

"ಅಮ್ಮನಿಗೆ ತೋರಿಸಬೇಕಿತ್ತು. ಪೂರ್ತಿ ಮ್ಯಾಚ್ ನೋಡಿದ್ರೆ ಬಿಪಿ ಏರತ್ತೆ ಅಂತ ನಿಮ್ಮ ವಿಡಿಯೊ ಮಾತ್ರ ನೋಡ್ತಾರೆ. ಅದ್ರಲ್ಲಿ ನಾನಿರಲ್ಲ... ಆಡ್ತೀನಿ ಅಂತ ಸುಳ್ಳು ಹೇಳ್ತಿದೀನಿ ಅಂದ್ಕೊಂಡಿದಾರೆ. ಶನಿವಾರ ನನ್ನ ಕೊನೇ ಮ್ಯಾಚು."

ಅಯ್ಯೋ, ಹೆತ್ತ ತಾಯಿಯೇ ನಂಬದ ಗಂಡಸು!

"ಕಂಬ ನಿಂತಿರೋದನ್ನ ಯಾರು ನೋಡ್ತಾರೆ? ಸುಮ್ನೆ ಮನೆಗೆ ಹೋಗಿ."

ಅವನು ತಲೆಯಾಡಿಸಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಥೂ, ತಿರುಗಿ ಬೈಯಲೂ ಬಾರದ ಪ್ರಾಣಿ!

ಮರುದಿನ ಮ್ಯಾನೇಜರ್ ಎಂಬ ಮಹಾಶಯ ಅಪ್ಪಣೆ ಕೊಡಿಸಿದ. "ಕಂಬನಿಗೊಂದು ಬೀಳ್ಕೊಡುಗೆ ವಿಡಿಯೊ ಮಾಡಿ. ಒಂದು ನಿಮಿಷ ಸಾಕು, ಅಷ್ಟೂ ಸಿಗಲ್ಲ ಬಿಡಿ!"

ಸಿಗಲೇ ಇಲ್ಲ. ಮೂಗು ಮುರಿಯುತ್ತಲೇ ಅವಳು ಬೇಡವೆಂದು ಎಸೆದ ತುಣುಕುಗಳನ್ನು ತೆರೆದಳು.

ಎದುರಾಳಿ ಗಾಳಿಯಂತೆ ನುಗ್ಗುತ್ತಾನೆ... ಜನ ಎದ್ದು ನಿಲ್ಲುತ್ತಾರೆ... ಒಂದು ಕಾಲು ಅಡ್ಡ ಬರುತ್ತದೆ. ಮುಗಿಯಿತು. ಗೋಲಾಗದ ದಾಳಿಗೆ ಅವಳು ಕತ್ತರಿ ಹಾಕುತ್ತಿದ್ದಳು. ಕತ್ತರಿ ಬಿದ್ದಲ್ಲೆಲ್ಲ ಅವನೇ! ಹಣೆಗೆ ಬ್ಯಾಂಡೇಜು, ಮೈತುಂಬ ಕೆಸರು. ಅವನ ಹಿಂದೆ, ಸೊಂಟಕ್ಕೆ ಕೈಯಿಟ್ಟು ಕ್ರಾಪು ಸರಿಮಾಡಿಕೊಳ್ಳುತ್ತ ನಿಂತ ತಂಡದ ಹೀರೊ. ಆ ನಗುಮುಖಕ್ಕೆ ಅವಳು ವರ್ಷಗಟ್ಟಲೆ ಮರುಳಾಗಿದ್ದಳು!

ಕೊನೆಗೊಂದು ಹಳೆಯ ತುಣುಕು. ಅದರಲ್ಲಿ ಅವಳದೇ ಕಿರುಚಾಟ ಕೇಳಿಸಿತು. ಕೆಲಸದ ಮೊದಲ ದಿನ, ಗೆರೆಯಾಚೆ ಕ್ಯಾಮೆರಾ ಹಿಡಿದಿದ್ದ ಅವಳ ಮುಖಕ್ಕೆ ಚೆಂಡು ನುಗ್ಗಿ ಬಂದಿತ್ತು. ಯಾರೋ ಅಡ್ಡ ಹಾರಿ, ಜಾಹೀರಾತು ಹಲಗೆಗೆ ಭುಜ ಬಡಿದುಕೊಂಡು ಬಿದ್ದಿದ್ದ.

"ನಿಮಗೇನೂ ಆಗ್ಲಿಲ್ಲ ತಾನೇ?" ಬಿದ್ದಲ್ಲಿಂದಲೇ ಅವನು ಕೇಳಿದ್ದ.

ನಾಚಿಕೆಯಿಂದ ಅದನ್ನೂ ಕತ್ತರಿಸಿ ಎಸೆದಿದ್ದಳು. ಅವನ ಮುಖವನ್ನೂ ನೋಡಿರಲಿಲ್ಲ; ಈಗ ನೋಡಿದರೆ ಅದೇ ಕಂಬ!

'ಎಂಥ ಹೆಂಗಸೇ ನೀನು!' ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕಣ್ಣು ತುಂಬಿ ಬಂತು.

ಶನಿವಾರ ಸಂಜೆ, ಪಂದ್ಯ ಮುಗಿದ ಮೇಲೆ, ಲ್ಯಾಪ್‌ಟಾಪ್ ಹಿಡಿದು ಅವನ ಮನೆಗೇ ಹೋದಳು.

"ನಮ್ಮವನ ಆಟವಾ?" ತಾಯಿ ತುಟಿ ಕೊಂಕಿಸಿದರು. "ಬೆಂಚು ಬಿಸಿ ಮಾಡಿ ಬರ್ತಾನೆ, ಅಷ್ಟೇ."

ನೋಡುತ್ತ ನೋಡುತ್ತ ಅವರು ಪರದೆಯ ಹತ್ತಿರಕ್ಕೆ ಸರಿದರು. ಕೊನೆಗೆ ಮಗನ ಬೆನ್ನಿಗೊಂದು ಗುದ್ದಿದರು.

"ಇಷ್ಟು ಪೆಟ್ಟು ತಿಂದು ಬಂದು, ಬಾಗಿಲು ತಾಗ್ತು ಅಂತಿದ್ಯಲ್ಲೋ!" ದನಿ ಒಡೆಯಿತು. "ಇನ್ನೊಂದ್ಸಲ ಹಾಕಮ್ಮಾ."

ಹಾಕಿಕೊಟ್ಟು ಅವಳು ಹೊರಟಳು. ಅವನು ಬಾಗಿಲವರೆಗೆ ಬಂದ.

"ಅವತ್ತು ಹಾಗೆ ಅಂದೆ... ಕಂಬ ನೀವಲ್ಲ, ನಾನು. ಕ್ಷಮಿಸ್ತೀರಾ?" ಅವಳು ತಲೆಯೆತ್ತಿ ಅವನನ್ನು ನೋಡಿದಳು. "ನಂಗೆ... ನೀವಂದ್ರೆ ತುಂಬಾ ಇಷ್ಟ."

ಅವನು ಕಕ್ಕಾಬಿಕ್ಕಿಯಾದ. "ನನ್ನ ಜೊತೆ ರೋಚಕ ಏನೂ ಇರಲ್ಲ. ಬೇಜಾರಾದ್ರೆ ಕತ್ತರಿಸಿಬಿಡ್ತೀರಾ?"

"ಇಲ್ಲ," ಎಂದು ಅವಳು ಅವನ ಕೈ ಹಿಡಿದಳು. "ಇನ್ಮೇಲೆ ಪೂರ್ತಿ ನೋಡ್ತೀನಿ."